ಗುಂಡ್ಯ ದಾಟಿದ ಮೇಲೆ

ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ತಿಂಗಳಿಗೊಮ್ಮೆ ಮಂಗಳೂರಿಗೆ ಬರುತ್ತಾಳೆ, ಭಾನುವಾರ ರಾತ್ರಿ ಬಸ್ಸಿಗೆ ವಾಪಸ್. ಆ ರಾತ್ರಿ ನನಗೆ ನಿದ್ದೆ ಇಲ್ಲ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿಸಿಕೊಂಡು ನೋಡುತ್ತಾ ಕೂರುವುದು. ಬಿ.ಸಿ. ರೋಡ್, ಉಪ್ಪಿನಂಗಡಿ, ನೆಲ್ಯಾಡಿ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿದರೆ ನೆಟ್‌ವರ್ಕ್ ಹೋಗುತ್ತದೆ, ಅವಳ ಚುಕ್ಕೆ ಅಲ್ಲೇ ನಿಂತುಬಿಡುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದದ್ದು ಯಾರಿಗೆ ಮರೆತಿದೆ?

ಹೋದ ಮಳೆಗಾಲದ ಅಂಥದ್ದೊಂದು ರಾತ್ರಿ, ನೀರು ಕುಡಿಯಲು ಎದ್ದ ಅತ್ತೆ ನನ್ನನ್ನು ನೋಡಿದರು. ಬೈಯಲಿಲ್ಲ. ಪಕ್ಕದಲ್ಲಿ ಕೂತು ಬೈಬಲಿನ 121ನೇ ಕೀರ್ತನೆ ಹೇಳಿದರು, ಪುಸ್ತಕ ಇಲ್ಲದೆ. (ನಮ್ಮ ಮನೆಯಲ್ಲಿ ಮಾತು ತುಳು, ಪ್ರಾರ್ಥನೆ ಕನ್ನಡ. 1834ರಲ್ಲಿ ಬಾಸೆಲ್ ಮಿಶನ್‌ನವರು ಇಲ್ಲಿಗೆ ಬಂದಾಗಿನಿಂದ ನಮ್ಮಂಥ ಎಷ್ಟೋ ಮನೆಗಳಲ್ಲಿ ಇದೇ ಕಥೆ.)

ನನಗೂ ಅದು ಸಂಡೇ ಸ್ಕೂಲಿನಿಂದ ಬಾಯಿಪಾಠ. ಆದರೆ ಸಹಾಯ ಬೆಟ್ಟಗಳಿಂದ ಬರುತ್ತದೆ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಅಲ್ಲಿರುವುದು ಪ್ರಶ್ನೆ. ಬೆಟ್ಟದ ಕಡೆ ಕಣ್ಣೆತ್ತಿ ನೋಡುತ್ತೇನೆ, ನನಗೆ ಸಹಾಯ ಎಲ್ಲಿಂದ? ಬೆಟ್ಟದಿಂದ ಅಲ್ಲ, ಭೂಮಿ ಆಕಾಶ ಮಾಡಿದವನಿಂದ. 120ರಿಂದ 134ರವರೆಗಿನ 15 ಯಾತ್ರಾಗೀತೆಗಳಲ್ಲಿ ಇದು ಎರಡನೆಯದು. ಯೆರೂಸಲೇಮ್ ಇರುವುದೇ ಗುಡ್ಡಗಳ ನಡುವೆ. ಅಲ್ಲಿನ ದೇವಾಲಯಕ್ಕೆ ಹಬ್ಬಕ್ಕೆಂದು ನಡೆದು ಹೋಗುವ ಯಾತ್ರಿಕರಿಗೆ ಬೆಟ್ಟ ಅಂದರೆ ಫೋಟೋ ತೆಗೆಯುವ ಜಾಗ ಅಲ್ಲ, ಹತ್ತಿ ದಾಟಬೇಕಾದ ದಾರಿ. ಕಾಲು ಜಾರಬಹುದು, ಬಿಸಿಲು ಬಡಿಯಬಹುದು. ನಮಗೆ ಘಾಟಿ ಇದ್ದ ಹಾಗೇ.

ಆ ರಾತ್ರಿ ಇನ್ನೊಂದು ವಿಷಯ ಕಿವಿಗೆ ಬಿತ್ತು. ಮೊದಲ ಎರಡು ವಚನಗಳಲ್ಲಿ ‘ನಾನು’ ಇದೆ. ಮೂರನೆಯದರಿಂದ ‘ನೀನು’. ನಿನ್ನ ಕಾಲು ಜಾರಗೊಡುವುದಿಲ್ಲ, ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ. ಬರೀ 8 ವಚನಗಳಲ್ಲಿ ‘ಕಾಯು’ ಎನ್ನುವ ಹೀಬ್ರೂ ಮಾತು 6 ಸಲ ಬರುತ್ತದೆ, ಆರೂ ‘ನೀನು’ ಶುರುವಾದ ಮೇಲೆ. ಹೆದರಿದವನು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿಲ್ಲ, ಜೊತೆಯಲ್ಲಿ ನಡೆಯುವವರು ಯಾರೋ ಹೇಳುತ್ತಿದ್ದಾರೆ. ನಾನಂತೂ ಹಾಗೇ ಓದಿಕೊಳ್ಳುತ್ತೇನೆ. ಇಷ್ಟು ವರ್ಷ ನಂಬಿಕೆಯನ್ನು ನಾನೊಬ್ಬಳೇ ಒಳಗಿಂದ ಎಳೆದು ತರಬೇಕು ಅಂದುಕೊಂಡಿದ್ದೆ. ಬರದಿದ್ದರೆ ಅದಕ್ಕೊಂದು ಕೊರಗು ಬೇರೆ.

‘ಈ ಕೀರ್ತನೆ ಓದಿ ಹೊರಟರೆ ಏನೂ ಆಗಲ್ಲ’ ಅಂತ ಫಾರ್ವರ್ಡ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ರಾರ್ಥನೆ ಮಾಡಿದ ಮನೆಗಳಿಗೂ ಅಪಘಾತದ ಸುದ್ದಿ ಬಂದಿದೆ. ನಮ್ಮ ಅತ್ತೆಯೇ ಇಪ್ಪತ್ತೆರಡು ವರ್ಷದ ಮಗನನ್ನು ಮಣ್ಣು ಮಾಡಿದವರು. ಆಮೇಲೂ ಈ ಕೀರ್ತನೆ ಬಿಟ್ಟಿಲ್ಲ. ಯಾಕೆ ಅಂತ ನಾನು ಕೇಳಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಸುಮ್ನೆ ತಲೆಯಾಡಿಸಿ ಮತ್ತೆ ಫೋನ್ ನೋಡುತ್ತಿದ್ದೆನೋ ಏನೋ. ಅವರು ಹೇಳಿದ್ದಕ್ಕೆ ಫೋನ್ ಮಗುಚಿಟ್ಟು ಮಲಗಿದೆ. ಬೆಳಿಗ್ಗೆ ಎದ್ದಾಗ ‘ರೂಮ್ ಮುಟ್ಟಿದೆ’ ಅಂತ ಮೆಸೇಜ್ ಬಂದಿತ್ತು.

ಭಯ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಈಗಲೂ ಎರಡು ಸಲ ಎದ್ದು ನೋಡುತ್ತೇನೆ. ಮೊದಲಿಗಿಂತ ಕಡಿಮೆ, ಅಷ್ಟೇ.

ಮೊನ್ನೆ ಭಾನುವಾರ ಬಸ್ ಹತ್ತಿಸಲು ಹೋದಾಗ ಮಗಳ ಕೈ ಹಿಡಿದು ಕೊನೆಯ ವಚನ ಹೇಳಿದೆ. ನೀನು ಹೋಗುವಾಗಲೂ ಬರುವಾಗಲೂ ಆತನೇ ಕಾಯುತ್ತಾನೆ ಅಂತ. ಅವಳು ಒಂದು ಗಳಿಗೆ ಸುಮ್ಮನಿದ್ದಳು.

“ಆಯ್ತಮ್ಮ. ಚಾರ್ಜರ್ ಬ್ಯಾಗಿಗೆ ಹಾಕಿದ್ದೀಯಲ್ಲ?”

ಹಾಕಿರಲಿಲ್ಲ.