ಬ್ರೇಕ್ ಫೇಲ್, ಡ್ರೈವರ್ ಪಾಸ್

ಸಾರಿಗೆ ನೌಕರರ ಕಂಪ್ಯೂಟರ್ ತರಬೇತಿಯನ್ನು ಪರಿಷ್ಕರಿಸುವ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿದ್ದೀರಿ, ಅಭಿನಂದನೆಗಳು. ನಿಮಗೆ ಇನ್‌ಸ್ಟ್ರಕ್ಷನಲ್ ಡಿಸೈನ್, ಅಂದರೆ ಪಾಠ ಕಟ್ಟುವ ಕಲೆ ಗೊತ್ತು, ಬಸ್ಸು ಗೊತ್ತಿಲ್ಲ. ಕೋರ್ಸು ನೋಡಬೇಕಾದ ಡ್ರೈವರಿಗೆ ಬಸ್ಸು ಗೊತ್ತು, ಇನ್‌ಸ್ಟ್ರಕ್ಷನಲ್ ಡಿಸೈನ್ ಗೊತ್ತಿಲ್ಲ. ಟೆಂಡರ್ ಬರೆದವರಿಗೆ ಎರಡೂ ಗೊತ್ತಿಲ್ಲ. ಹಾಗಾಗಿಯೇ ಎಲ್ಲರೂ ನೆಮ್ಮದಿಯಾಗಿದ್ದಾರೆ. ಆ ನೆಮ್ಮದಿಗೆ ಭಂಗ ಬಾರದಂತೆ ಮೂರು ತಿಂಗಳು ಕಳೆಯಲು ಬೇಕಾದ ಸೂಚನೆಗಳು ಇಲ್ಲಿವೆ.

ಮೊದಲ ದಿನ ನಿಮ್ಮ ಕೈಗೆ ಹಳೆಯ ಕೋರ್ಸು ಬರುತ್ತದೆ. ಅದು ಹುಟ್ಟಿದ್ದು ಫ್ಲ್ಯಾಶ್ ಎಂಬ ಅನಿಮೇಶನ್ ತಂತ್ರಾಂಶದಲ್ಲಿ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಎಳ್ಳುನೀರು ಬಿಟ್ಟಿತು. 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಕೈಯೆತ್ತಿತು. ಮೂರು ವರ್ಷ ಮೊದಲೇ ಹೇಳಿದ್ದರು, ನಿಜ. ಆದರೆ ಮೂಲ ಫೈಲು ಯಾರ ಹತ್ತಿರ ಇದೆ ಅಂತ ಹುಡುಕುವುದಕ್ಕೇ ಅಷ್ಟು ಕಾಲ ಬೇಕಾಗುತ್ತದೆ. ಸಿಗದೇ ಹೋದಾಗ ಯಾರೋ ಜಾಣರು ಪರದೆಯನ್ನೇ ವಿಡಿಯೊ ಮಾಡಿಟ್ಟರು. ಅದರಲ್ಲಿ ಮೌಸಿನ ಬಾಣ ತಾನೇ ಓಡಾಡಿ, ತಾನೇ ಬಟನ್ ಒತ್ತಿ, ತಾನೇ ‘ಶಭಾಷ್, ಸರಿಯುತ್ತರ!’ ಅನ್ನಿಸಿಕೊಳ್ಳುತ್ತದೆ. ಇದರ ಹೆಸರು ಇಂಟರಾಕ್ಟಿವ್ ಮಾಡ್ಯೂಲ್. ಬಿಲ್ಲಿನಲ್ಲಿ ಹಾಗೆಯೇ ಬರೆದಿದೆ, ತಿದ್ದಬೇಡಿ.

ಮುಂದೆ ಚಿತ್ರಗಳು. ಫೋಟೊ ಬ್ಯಾಂಕಿನಿಂದ ತಂದ ಡ್ರೈವರ್ ಬಿಳಿಯ ಹಲ್ಲು ತೋರಿಸುತ್ತ ಎಡಗಡೆಯ ಸ್ಟೇರಿಂಗ್ ಹಿಡಿದು ಕೂತಿರುತ್ತಾನೆ. ನಮ್ಮಲ್ಲಿ ಸ್ಟೇರಿಂಗ್ ಇರುವುದು ಬಲಕ್ಕೆ. ಚಿತ್ರವನ್ನು ಅಡ್ಡಡ್ಡ ತಿರುಗಿಸಿ, ಒಂದೇ ಕ್ಲಿಕ್ಕಿನಲ್ಲಿ ಪರಿಹಾರ. ಆಗ ರಸ್ತೆಬದಿಯ ಬೋರ್ಡು, ನಂಬರ್ ಪ್ಲೇಟು, ಸ್ಪೀಡೋಮೀಟರಿನ ಅಂಕಿ, ಅಂಗಿಯ ಜೇಬು ಎಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತವೆ. ಯಾರಾದರೂ ಕೇಳಿದರೆ ಹಿನ್ನೋಟದ ಕನ್ನಡಿಯ ಪಾಠ ಎನ್ನಿ.

ಈಗ ಅಪಾಯದ ಜಾಗಕ್ಕೆ ಬಂದೆವು: ಬ್ರೇಕಿನ ಸ್ಲೈಡು. ಅದರಲ್ಲಿ ಇರುವುದು ಒಂದೇ ಸಾಲು, ‘ಹೊರಡುವ ಮುನ್ನ ಏರ್ ಬ್ರೇಕ್ ಪರೀಕ್ಷಿಸಿ’. ಪಕ್ಕದಲ್ಲಿ ಹಸಿರು ಟಿಕ್. ಇದನ್ನು ಬಿಡಿಸಿ ಬರೆಯುವ ಆಸೆ ನಿಮಗೆ ಬರಬಹುದು. ಅಂಥ ಆಸೆ ಬರುವುದೇ ಬೆಳಗಿನ ಜಾವ ಡಿಪೋಗೆ ಹೋದವರಿಗೆ, ಆದ್ದರಿಂದ ಅಪ್ಪಿತಪ್ಪಿಯೂ ಡಿಪೋಗೆ ಹೋಗಬೇಡಿ. ಹೋದರೆ ಅಲ್ಲಿ ಹಳೇ ಡ್ರೈವರೊಬ್ಬರು ಎಂಜಿನ್ ಚಾಲೂ ಮಾಡಿ, ಗಾಳಿಯೊತ್ತಡದ ಗೇಜಿನ ಮುಳ್ಳು ಮೇಲೇರಿ, ಗಾಳಿ ಕಡಿಮೆ ಎಂದು ಕೂಗುವ ಲೋ-ಏರ್ ಬಜರ್ ನಿಲ್ಲುವ ತನಕ ಕಾಯುವುದನ್ನು ನೋಡಿಬಿಡುತ್ತೀರಿ. ಆಮೇಲೆ ಅವರು ಗಾಲಿಗೆ ಅಡೆ ಕೊಟ್ಟು, ಎಂಜಿನ್ ಆಫ್ ಮಾಡಿ, ಪೆಡಲ್ ತುಳಿದು ಹಾಗೇ ಹಿಡಿದು, ಮುಳ್ಳು ಇಳಿಯುತ್ತದೆಯೇ, ಎಲ್ಲಾದರೂ ‘ಸುಸ್’ ಅನ್ನುತ್ತದೆಯೇ ಎಂದು ಕಿವಿಗೊಡುತ್ತಾರೆ. ಬಗ್ಗಿ ಏರ್ ಟ್ಯಾಂಕಿನ ತಳದ ಡ್ರೇನ್ ವಾಲ್ವ್ ಎಳೆದು ನೀರು ಬಿಡುತ್ತಾರೆ. ಕಂಪ್ರೆಸರ್ ತುಂಬಿದ ಗಾಳಿಯ ತೇವ ತಣ್ಣಗಾಗಿ ಟ್ಯಾಂಕಿನಲ್ಲಿ ನೀರಾಗುತ್ತದೆ. ನೀರು ನಿಂತಷ್ಟು ಗಾಳಿಗೆ ಜಾಗ ಕಡಿಮೆ, ಜೊತೆಗೆ ವಾಲ್ವುಗಳಿಗೆ ತುಕ್ಕು. ಇಷ್ಟನ್ನೂ ನಾಲ್ಕು ಹಂತವಾಗಿ, ಅದೇ ಡಿಪೋದ ಬಸ್ಸಿನ ಫೋಟೊ ಹಾಕಿ ತೋರಿಸಿದರೆ ಡ್ರೈವರಿಗೆ ಅರ್ಥವಾಗಿಬಿಡುತ್ತದೆ. ಅರ್ಥವಾದರೆ ಮುಂದಿನ ವರ್ಷ ಪರಿಷ್ಕರಣೆಗೆ ಏನು ಉಳಿಯಿತು?

ಹಾಗೆಯೇ ಬ್ರೇಕ್ ಫೇಲ್‌ನ ಅನಿಮೇಶನ್ ಮುಟ್ಟಬೇಡಿ. ಅದರಲ್ಲಿ ಗಾಳಿ ಖಾಲಿಯಾದ ಬಸ್ಸು ಇಳಿಜಾರಿನಲ್ಲಿ ಕುಣಿಯುತ್ತ ಓಡುತ್ತದೆ. ನಿಜದಲ್ಲಿ ಸ್ಪ್ರಿಂಗ್ ಬ್ರೇಕ್ ಇರುವ ಬಸ್ಸಿನ ಗಾಳಿ ಪೂರ್ತಿ ಹೋದರೆ, ಚೇಂಬರಿನೊಳಗಿನ ಸ್ಪ್ರಿಂಗು ಹಿಂದಿನ ಗಾಲಿಗಳನ್ನು ಹಿಡಿದುಕೊಳ್ಳುತ್ತದೆ. ಬಸ್ಸು ನಿಲ್ಲುತ್ತದೆ, ಓಡುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಕೈಕೊಡುವುದು ಹೆಚ್ಚಾಗಿ ಬಿಸಿ. ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ಮು ಕಾದು ಲೈನರ್ ಹಿಡಿತ ಬಿಡುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಬಳಸಿ ಇಳಿಯಬೇಕು ಎಂದು ಏಳನೇ ಮಾಡ್ಯೂಲ್ ಹೇಳುತ್ತದೆ, ಪರವಾಗಿಲ್ಲ. ಆದರೆ ನಾಲ್ಕನೇ ಮಾಡ್ಯೂಲ್ ಡೀಸೆಲ್ ಉಳಿಸಿ, ಕೆಎಂಪಿಎಲ್ (ಲೀಟರಿಗೆ ಓಡುವ ಕಿ.ಮೀ.) ಏರಿಸಿ ಎಂದು ಬೆನ್ನು ಬಿದ್ದಿರುತ್ತದೆ. ಎರಡನ್ನೂ ನಿಷ್ಠೆಯಿಂದ ಓದಿದವನು ಘಾಟಿಯಲ್ಲಿ ನ್ಯೂಟ್ರಲ್ ಮಾಡಿದರೆ ಯಾರನ್ನು ಬೈಯುವುದು? ಗೇರಿನಲ್ಲಿದ್ದು ಎಕ್ಸಿಲೇಟರ್ ಬಿಟ್ಟರೆ ಈಗಿನ ಡೀಸೆಲ್ ಎಂಜಿನ್ ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ ಎಂಬ ಒಂದು ವಾಕ್ಯ ಸೇರಿಸಿದರೆ ಜಗಳ ತೀರಿತು. ಸೇರಿಸಿ ನೋಡಿ ಬೇಕಾದರೆ. ವಿಷಯ ತಜ್ಞರ ಬಳಿ ಹೋದ ಸ್ಲೈಡು ಎರಡು ವಾರ ಬಿಟ್ಟು ಹೀಗೊಂದು ಟಿಪ್ಪಣಿ ಹೊತ್ತು ಬರುತ್ತದೆ: ‘ಗೇರ್ ಚಿತ್ರದ ನೀಲಿ ನಮ್ಮ ಲೋಗೊ ನೀಲಿಗೆ ಹೊಂದುತ್ತಿಲ್ಲ.’

ಪ್ರಶ್ನಪತ್ರಿಕೆಯಲ್ಲಿ ಸಂಪ್ರದಾಯ ಪಾಲಿಸಿ. ‘ಬಾಗಿಲು ತೆರೆದಿರುವಾಗ ಬಸ್ ಹೊರಡಿಸಬಹುದೇ?’ ಆಯ್ಕೆಗಳು: ಹೌದು. ಜಾತ್ರೆಯ ದಿನ ಮಾತ್ರ. ಪ್ರಯಾಣಿಕರ ಸುರಕ್ಷತೆಯ ಹಿತದೃಷ್ಟಿಯಿಂದ ಎಲ್ಲ ಬಾಗಿಲುಗಳು ಪೂರ್ಣವಾಗಿ ಮುಚ್ಚಿರುವುದನ್ನು ಖಚಿತಪಡಿಸಿಕೊಂಡು, ನಿರ್ವಾಹಕರು ರೈಟ್ ಎಂದ ನಂತರವೇ ಹೊರಡತಕ್ಕದ್ದು. ಮೇಲಿನ ಎಲ್ಲವೂ. ಉದ್ದದ ಉತ್ತರವೇ ಸರಿಯುತ್ತರ ಎಂದು ಇಡೀ ಡಿಪೋಗೆ ಗೊತ್ತಿರುವುದರಿಂದ ಪ್ರಶ್ನೆ ಓದುವ ಶ್ರಮ ಉಳಿಯುತ್ತದೆ. ನಕಲು ತಡೆಯಲೆಂದು ಆಯ್ಕೆಗಳನ್ನು ಕಲಸುವ ಶಫಲ್ ಗುಂಡಿಯನ್ನೂ ಒತ್ತಿ. ‘ಮೇಲಿನ ಎಲ್ಲವೂ’ ಹೋಗಿ ಮೊದಲ ಸ್ಥಾನದಲ್ಲಿ ಕೂರುತ್ತದೆ. ಅದರ ಮೇಲೆ ಇರುವುದು ಲೋಗೊ ಮಾತ್ರ.

‘ಮುಂದಕ್ಕೆ’ ಗುಂಡಿ ಧ್ವನಿ ಮುಗಿಯುವ ತನಕ ತೆರೆಯಕೂಡದು. ಡಿಪೋ ಕಂಪ್ಯೂಟರಿಗೆ ಸ್ಪೀಕರ್ ಇಲ್ಲ ಎಂಬುದು ನಿಮ್ಮ ವ್ಯಾಪ್ತಿಗೆ ಬರುವ ವಿಷಯವಲ್ಲ. ಪರದೆಯ ಮೇಲಿನ ಅದೇ ವಾಕ್ಯವನ್ನು ಅದೇ ದನಿ ಓದುವ ಹೊತ್ತಿಗೆ ಡ್ರೈವರ್ ಚಹಾ ಕುಡಿದು ಬರಬಹುದು. ಇನ್ನು ‘ನುಡಿ’ ತಂತ್ರಾಂಶದ ಹಳೇ ಅಕ್ಷರವಿನ್ಯಾಸದಲ್ಲಿ ಟೈಪಾದ ಪಠ್ಯವನ್ನು ಪರಿವರ್ತಿಸದೆ ಹಾಗೇ ಅಂಟಿಸಿದರೆ ಪರದೆಯ ತುಂಬ ಯಾವ ಭಾಷೆಯದೂ ಅಲ್ಲದ ಚಿಹ್ನೆಗಳು ಕುಣಿಯುತ್ತವೆ. ಯೂನಿಕೋಡ್‌ಗೆ ತಂದರೂ ಗುಂಡಿಯ ಎತ್ತರ ಇಂಗ್ಲಿಷಿನ ಅಳತೆಯದು; ಒತ್ತಕ್ಷರ ಕತ್ತರಿಸಿ ‘ಉತ್ತರಿಸಿ’ ಹೋಗಿ ‘ಉತರಿಸಿ’ ಆಗುತ್ತದೆ. ಎತ್ತರ ಹೆಚ್ಚಿಸಿದರೆ ಸಾಕು. ಆದರೆ ಟೆಂಪ್ಲೇಟು ಲಾಕ್ ಆಗಿದೆ.

ದಾಖಲೆಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಯಾರು ಏನು ಕಲಿತರೆಂದು ಲೆಕ್ಕ ಇಡುವ ಎಲ್‌ಎಂಎಸ್ ತಂತ್ರಾಂಶದ ಜೊತೆ ಕೋರ್ಸು ಮಾತಾಡುವುದು ಸ್ಕಾರ್ಮ್ 1.2 ಎಂಬ 2001ರ ಕಟ್ಟಳೆಯಲ್ಲಿ. ಕಲಿಯುವವನು ಎಲ್ಲಿ ನಿಲ್ಲಿಸಿದ ಎಂದು ಬರೆದಿಡಲು ಅದರಲ್ಲಿ ಇರುವುದು 4096 ಅಕ್ಷರಗಳ ಜಾಗ. ನೂರಾರು ಸ್ಲೈಡಿನ ಕೋರ್ಸು ಅದನ್ನು ಮೀರಿದರೆ ಗುರುತು ಉಳಿಯುವುದಿಲ್ಲ. ಕರೆಂಟು ಹೋಗಿ ಬಂದಾಗ ಡ್ರೈವರ್ ಮತ್ತೆ ‘ಸುಸ್ವಾಗತ’ದಿಂದಲೇ ಆರಂಭಿಸಬೇಕು. ಹತ್ತು ಹತ್ತು ನಿಮಿಷದ ತುಂಡು ಮಾಡಿದರೆ ಸರಿಹೋಗುತ್ತದೆ ಎಂದು ಬಾಯಿ ಬಿಡಬೇಡಿ, ಟೆಂಡರಿನ ದರ ಇರುವುದು ಗಂಟೆ ಲೆಕ್ಕದಲ್ಲಿ. ಅದೇ ಕಟ್ಟಳೆಯಲ್ಲಿ ‘ಮುಗಿಸಿದ’ ಮತ್ತು ‘ಪಾಸಾದ’ ಎರಡಕ್ಕೂ ಇರುವುದು ಒಂದೇ ಖಾನೆ. ಕೊನೆಯ ಸ್ಲೈಡು ತೆರೆದರೆ ‘ಮುಗಿಸಿದ’ ಎಂದು ಕಳಿಸುವಂತೆ ಮಾಡಿ. ವರದಿಯಲ್ಲಿ ಶೇ 100 ತರಬೇತಿ. ಅದರಲ್ಲಿ ಅರ್ಧದಷ್ಟನ್ನು ಡಿಪೋ ಗುಮಾಸ್ತರೇ ಎಲ್ಲರ ಪಾಸ್‌ವರ್ಡ್ ಇಟ್ಟುಕೊಂಡು ಊಟದ ಬಿಡುವಿನಲ್ಲಿ ಮುಗಿಸಿರುತ್ತಾರೆ. ಸಂಸ್ಥೆಯಲ್ಲಿ ಏರ್ ಬ್ರೇಕ್ ಬಗ್ಗೆ ಅವರಷ್ಟು ಸರ್ಟಿಫಿಕೇಟ್ ಪಡೆದವರು ಇನ್ನೊಬ್ಬರಿಲ್ಲ.

ಆಯಾಸ ನಿರ್ವಹಣೆಯ ಮಾಡ್ಯೂಲ್ ಒಂದಿದೆ. ದಿನಕ್ಕೆ ಎಂಟು ಗಂಟೆ ದುಡಿಮೆ, ಐದು ಗಂಟೆ ದುಡಿಯುವಷ್ಟರಲ್ಲಿ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿದ್ದ, 2025ರಲ್ಲಿ ರದ್ದಾದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯನ್ನು ಚೆನ್ನಾಗಿಯೇ ವಿವರಿಸುತ್ತದೆ. ಅದನ್ನು ನೋಡಲು ಕೂರಿಸುವುದು ನೈಟ್ ಹಾಲ್ಟ್ ಮುಗಿಸಿ ಬಂದವರನ್ನು. ಪಾಠದ ನಡುವೆಯೇ ಗೊರಕೆ ಹೊಡೆದವರಿಗೆ ಪ್ರಾಯೋಗಿಕ ಅಂಕ ಕೊಡಲು ಸ್ಕಾರ್ಮ್‌ನಲ್ಲಿ ಅವಕಾಶವಿಲ್ಲದಿರುವುದು ಅನ್ಯಾಯ.

ಕೊನೆಯಲ್ಲಿ ಮೌಲ್ಯಮಾಪನ. ಕರ್ಕ್‌ಪ್ಯಾಟ್ರಿಕ್ ಮಾದರಿಯಲ್ಲಿ ನಾಲ್ಕು ಹಂತ: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಫಲ ಸಿಕ್ಕಿತೇ. ಮೂರನೆಯದನ್ನು ತಿಳಿಯಲು ಲಾಗ್‌ಶೀಟ್ ತೆಗೆದು, ತರಬೇತಿಯ ನಂತರ ಗಾಳಿ ಸೋರಿಕೆಯ ದೂರು ಬರೆಯುವವರು ಹೆಚ್ಚಾದರೇ ನೋಡಬೇಕು. ಹೆಚ್ಚಾಗಿದ್ದರೆ ಗ್ಯಾರೇಜಿನವರು ನಿಮ್ಮ ಮೇಲೆ ಮುನಿಯುತ್ತಾರೆ. ಆದ್ದರಿಂದ ಮೊದಲನೆಯದಕ್ಕೇ ನಿಲ್ಲಿಸಿ. ಐದು ನಕ್ಷತ್ರ ಕೊಟ್ಟರಷ್ಟೇ ಸರ್ಟಿಫಿಕೇಟ್ ಡೌನ್‌ಲೋಡ್ ಆಗುವಂತೆ ಗುಂಡಿ ಕಟ್ಟಿ.

ಇಷ್ಟಾದರೆ ನಿಮಗೂ ಒಂದು ಸರ್ಟಿಫಿಕೇಟು, ಬೆನ್ನಿಗೇ ಇನ್ನೊಂದು ಕೆಲಸ. ಅಪಾಯಕಾರಿ ಸರಕು ಸಾಗಿಸುವ ಚಾಲಕರಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ವಿಶೇಷ ತರಬೇತಿ ಕಡ್ಡಾಯ. ಟ್ಯಾಂಕರ್ ಫಲಕದ ಮೇಲೆ 1203 ಕಂಡರೆ ಒಳಗಿರುವುದು ಪೆಟ್ರೋಲ್ ಎಂದು ಗುರುತಿಸುವುದರಿಂದ ಹಿಡಿದು ಸೋರಿದಾಗ ಏನು ಮಾಡಬೇಕು ಎಂಬ ತನಕ ಕಲಿಸುವುದಿದೆ. ಹೊಸದಾಗಿ ಬರೆಯಲು ಹೋಗಬೇಡಿ. ಬಸ್ಸಿನ ಕೋರ್ಸನ್ನೇ ತೆರೆದು, ‘ಪ್ರಯಾಣಿಕರು’ ಇದ್ದಲ್ಲೆಲ್ಲ ‘ಪೆಟ್ರೋಲ್’ ಎಂದು ಬದಲಿಸಿ, ವಿಭಕ್ತಿ ಪ್ರತ್ಯಯ ಸರಿಮಾಡಿ. ಮೊದಲ ಸ್ಲೈಡು ಆಗಲೇ ಸಿದ್ಧವಾಗಿದೆ: ‘ಪೆಟ್ರೋಲನ್ನು ನಗುಮೊಗದಿಂದ ಬರಮಾಡಿಕೊಳ್ಳಿ. ವಯಸ್ಸಾದ ಪೆಟ್ರೋಲಿಗೆ ಆಸನ ಬಿಟ್ಟುಕೊಡಿ. ಪೆಟ್ರೋಲ್ ಧೂಮಪಾನ ಮಾಡುತ್ತಿದ್ದರೆ ವಿನಯದಿಂದ ಕೆಳಗಿಳಿಯಲು ತಿಳಿಸಿ.’