‘ಬಿನ್ನಾಣಗಿತ್ತಿ’ ನಮ್ಮ ಮಾತಿನಲ್ಲಿ ಇರಬೇಕೆ?

ಪರ: ಇರಲಿ, ಅದರ ಹೊಟ್ಟೆಯಲ್ಲಿ ವಿಜ್ಞಾನವಿದೆ

ಬಿನ್ನಾಣಗಿತ್ತಿ ಅಂದಕೂಡಲೇ ಓರೆನೋಟ, ತುಟಿಯಂಚಿನ ನಗು, ಬೇಕೆಂದೇ ಜಾರಿಸಿದ ಸೆರಗು ಕಣ್ಣಮುಂದೆ ಬರುತ್ತವೆ. ಬೇರು ಕೆದಕಿದರೆ ಸಿಗುವುದೇ ಬೇರೆ: ಸಂಸ್ಕೃತದ ‘ವಿಜ್ಞಾನ’. ವನ ಬನವಾದಂತೆ, ವಸತಿ ಬಸದಿಯಾದಂತೆ ಇಲ್ಲಿಯೂ ವಕಾರ ಬಕಾರಕ್ಕೆ ತಿರುಗಿತು. ಯಜ್ಞ ಜನ್ನವಾಯಿತು, ಸಂಜ್ಞೆ ಸನ್ನೆಯಾಯಿತು. ವಿಜ್ಞಾನದ ‘ಜ್ಞ’ವೂ ಹಾಗೆಯೇ ಸವೆದು ಬಿನ್ನಾಣ ಉಳಿಯಿತು. ವಿಜ್ಞಾಪನೆಯಿಂದ ಬಂದ ‘ಬಿನ್ನಹ’ ಇದರ ಒಡಹುಟ್ಟು. ಇಂಥ ತದ್ಭವಗಳಿಗೆಂದೇ ಕೇಶಿರಾಜ 13ನೇ ಶತಮಾನದಲ್ಲಿ ತನ್ನ ವ್ಯಾಕರಣಗ್ರಂಥ ಶಬ್ದಮಣಿದರ್ಪಣದೊಳಗೆ ಅಪಭ್ರಂಶ ಪ್ರಕರಣವನ್ನು ಇಟ್ಟ.

ಹಳೆಯ ಕನ್ನಡದಲ್ಲಿ ಬಿನ್ನಣವೆಂದರೆ ಜಾಣ್ಮೆ, ಕೈಚಳಕ. ಒಯ್ಯಾರದ ಅರ್ಥ ಆಮೇಲೆ ಬಂದು ಸೇರಿಕೊಂಡದ್ದು. ‘ಗಿತ್ತಿ’ಯನ್ನಾದರೂ ನೋಡಿ: ಹೂವಾಡಗಿತ್ತಿ, ಸೂಲಗಿತ್ತಿ. ಮದುವಣಗಿತ್ತಿಯನ್ನು ಬದಿಗಿಟ್ಟರೆ ಹೆಚ್ಚಿನವರು ಕಸುಬು ಬಲ್ಲ ಹೆಂಗಸರೇ. ಇಂಗ್ಲಿಷಿನ ಗ್ಲಾಮರ್ ಕೂಡ ಗ್ರಾಮರ್‌ನ ಮಗಳು. ಓದುಬರಹ ಬಲ್ಲವರಿಗೆ ಮಾಟವೂ ಗೊತ್ತೆಂದು ಜನ ನಂಬಿದ್ದ ಕಾಲದಲ್ಲಿ ಸ್ಕಾಟ್ಲೆಂಡಿನವರ ಬಾಯಲ್ಲಿ ವ್ಯಾಕರಣವೇ ಮೋಡಿಯಾಯಿತು. ಅಲ್ಲಿ ಅದನ್ನು ಮುಖಪುಟದಲ್ಲಿ ಮೆರೆಸುತ್ತಾರೆ, ನಾವು ನಮ್ಮದಕ್ಕೆ ನಾಚುತ್ತೇವೆ.

ವಿರೋಧ: ಬೇರು ಯಾರಿಗೆ ಬೇಕು, ಚುಚ್ಚುವುದು ಮುಳ್ಳು

ನನಗಾಗ ಹದಿನಾಲ್ಕು. ಮದುವೆಮನೆಯ ಕೋಣೆಯಲ್ಲಿ ಕನ್ನಡಿ ಮುಂದೆ ಕಾಡಿಗೆ ತೀಡಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತ ಚಿಕ್ಕಮ್ಮ, ‘ಸಾಕು ಬಾರೇ ಬಿನ್ನಾಣಗಿತ್ತಿ, ಧಾರೆಗೆ ಹೊತ್ತಾಯಿತು’ ಅಂದಳು. ಒಳಗಿದ್ದ ಹೆಂಗಸರೆಲ್ಲ ನಕ್ಕರು. ಕಾಡಿಗೆ ಒರೆಸಿಕೊಂಡೇ ಹೊರಗೆ ಬಂದೆ. ಅದೇ ಕನ್ನಡಿ ಮುಂದೆ ಅರ್ಧ ಗಂಟೆ ಕ್ರಾಪು ತೀಡುತ್ತಿದ್ದ ಅಣ್ಣ ಬರೀ ‘ಶೋಕಿಲಾಲ’. ಆ ಬೈಗುಳದಲ್ಲಿ ಮುದ್ದೂ ಇತ್ತು.

ಬಿನ್ನಾಣಗಾರ ಎಂಬ ಪುಲ್ಲಿಂಗ ನಿಘಂಟಿನಲ್ಲಿದೆ. ಯಾವ ಗಂಡಸನ್ನಾದರೂ ಹಾಗೆ ಕರೆದದ್ದು ಕೇಳಿದ್ದೀರಾ? ಜಾಣ್ಮೆಯ ಅರ್ಥ ಸತ್ತುಹೋಗಿದೆ, ಉಳಿದದ್ದು ‘ಇವಳು ಬಲೆ ಬೀಸುವವಳು’ ಎಂಬ ಗುಮಾನಿ. ಹೊಗಳಬೇಕಿದ್ದರೆ ಬೆಡಗು ಇದೆಯಲ್ಲ! ಅಲ್ಲಮನ ಒಗಟಿನಂಥ ವಚನಕ್ಕೂ ಒಪ್ಪುತ್ತದೆ, ಹೆಣ್ಣಿನ ನಡಿಗೆಗೂ ಒಪ್ಪುತ್ತದೆ.

ನನ್ನ ಮಗಳು ಓದುತ್ತಿರುವುದು ವಿಜ್ಞಾನವೇ. ನಾಳೆ ಯಾರೋ ಅವಳನ್ನು ಬಿನ್ನಾಣಗಿತ್ತಿ ಅಂದರೆ, ಕೇಶಿರಾಜನ ಸೂತ್ರ ಹೇಳಿ ಸಮಾಧಾನ ಮಾಡುವುದು ನನ್ನಿಂದಾಗದು.