ಹಳೆ ಕಿಟಕಿ ಕೀಳಬೇಡಿ, ಒಳಗಡೆ ಇನ್ನೊಂದು ಗಾಜು ಕೂರಿಸಿ

ಅಕ್ಟೋಬರ್ ಬಂತು. ಇಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡ್ ಕಡೆ ಇರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಅದೇ ಪ್ರಶ್ನೆ. ಹಳೆ ಮನೆ ತಗೊಂಡಿದ್ದೇವೆ, ಕಿಟಕಿ ಹತ್ತಿರ ಕೂರೋಕೆ ಆಗ್ತಿಲ್ಲ, ಎಲ್ಲಾ ಕಿತ್ತು ಹೊಸದು ಹಾಕಿಸಬೇಕಾ? ಬೇಡ. ದಯವಿಟ್ಟು ಬೇಡ. ಯಾಕೆ ಅಂತ ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ನಾವಿರುವುದು ಎಡಿನ್‌ಬರೋದ ಮಾರ್ಚ್‌ಮಾಂಟ್‌ನಲ್ಲಿ, ವಿಕ್ಟೋರಿಯಾ ಕಾಲದ ಕಲ್ಲಿನ ಕಟ್ಟಡದ ಮೂರನೇ ಮಹಡಿ. ನನಗಿಂತ ಎತ್ತರದ ಕಿಟಕಿಗಳು. ಮೇಲೊಂದು ಕೆಳಗೊಂದು ಮರದ ಚೌಕಟ್ಟು, ಹಗ್ಗ ಮತ್ತು ರಾಟೆಯ ಮೇಲೆ ಜಾರುತ್ತವೆ, ಹಗ್ಗದ ತುದಿಗೆ ಪಕ್ಕದ ಪೆಟ್ಟಿಗೆಯೊಳಗೆ ಕಬ್ಬಿಣದ ತೂಕ ನೇತಾಡುತ್ತಿರುತ್ತದೆ. ಸ್ಯಾಶ್ ಕಿಟಕಿ ಅಂತಾರಲ್ಲ, ಅದೇ. ಗಾಜು ಒಂದೇ ಪದರ. ಮೊದಲ ಚಳಿಗಾಲದಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಸೋಫಾದಲ್ಲಿ ಕಂಬಳಿ ಹೊದ್ದು ಕೂತವರು ಪದೇ ಪದೇ ಕೇಳುತ್ತಿದ್ದರು, "ಕಿಟಕಿ ಹಾಕಿದ್ಯೇನೋ? ಸರಿಯಾಗಿ ನೋಡು." ಕಿಟಕಿ ಹಾಕಿಯೇ ಇತ್ತು.

ಆಮೇಲೆ 2022 ಬಂತು. ಸಾಮಾನ್ಯ ಮನೆಯೊಂದರ ವರ್ಷದ ಗ್ಯಾಸ್ ಮತ್ತು ಕರೆಂಟ್ ಬಿಲ್ಲಿಗೆ 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್ ಇದ್ದ ಮಿತಿ ಮರು ಏಪ್ರಿಲ್‌ಗೆ 1,971 ಆಯಿತು, ಅಕ್ಟೋಬರ್‌ಗೆ ಸರ್ಕಾರ ಮಧ್ಯೆ ಬಂದು ತಡೆದ ಮೇಲೂ 2,500. ಹೆದರಿ ಕಿಟಕಿ ಕಂಪನಿಯವರೊಬ್ಬರನ್ನು ಕರೆಸಿದೆ. ಅವರು ಹತ್ತು ನಿಮಿಷ ಸುತ್ತಾಡಿ, ಮರ ಮುಟ್ಟಿಯೂ ನೋಡದೆ, "ಇದೆಲ್ಲ ಮುಗಿದ ಕಥೆ, ಪ್ಲಾಸ್ಟಿಕ್ ಚೌಕಟ್ಟು ಹಾಕಿಸಿ" ಅಂದರು. ನೂರು ವರ್ಷ ದಾಟಿದ ಮರ ಅದು. ಚಾಕುವಿನ ತುದಿಯಿಂದ ಚುಚ್ಚಿ ನೋಡಿದರೆ ಕೆಳಗಿನ ಒಂದು ಮೂಲೆ ಬಿಟ್ಟು ಎಲ್ಲೂ ಇಳಿಯಲಿಲ್ಲ. ಹೊಸ ಡಬಲ್ ಗಾಜಿನ ಅಂಚಿನ ಸೀಲು ಇಪ್ಪತ್ತು ವರ್ಷದ ಆಸುಪಾಸಿಗೆ ಬಿಟ್ಟುಕೊಂಡರೆ ಒಳಗೇ ಮಂಜು ಕಟ್ಟುತ್ತದೆ, ಮತ್ತೆ ದುಡ್ಡು ಸುರಿಯಬೇಕು. ಹಳೆ ಮರದ ಕಿಟಕಿಯಲ್ಲಿ ಹಗ್ಗ ಹೋದರೆ ಹಗ್ಗ ಬದಲಿಸಬಹುದು, ಗಾಜು ಒಡೆದರೆ ಗಾಜು, ಮರ ಕೊಳೆತರೆ ಆ ತುಂಡು ಮಾತ್ರ. ಇಂಥದ್ದನ್ನು ಕಿತ್ತು ಕಸಕ್ಕೆ ಹಾಕುವುದು ನನಗಂತೂ ಹೊಟ್ಟೆ ಉರಿಯುವ ವಿಷಯ. ಅದೂ ಅಲ್ಲದೆ ಇದು ಹಳೆ ಕಟ್ಟಡಗಳಿಗಾಗಿ ಸಂರಕ್ಷಿಸಿದ ಪ್ರದೇಶ. ಲಿಸ್ಟೆಡ್ ಕಟ್ಟಡ, ಅಂದರೆ ಪಾರಂಪರಿಕ ಅಂತ ಅಧಿಕೃತ ಪಟ್ಟಿಗೆ ಸೇರಿದ ಕಟ್ಟಡವಾಗಿದ್ದರೆ ಅನುಮತಿ ಇಲ್ಲದೆ ಕಿಟಕಿ ಬದಲಿಸುವ ಹಾಗೇ ಇಲ್ಲ, ದುಡ್ಡು ಕೊಡುವ ಮೊದಲೇ ಕೌನ್ಸಿಲ್‌ನಲ್ಲಿ ಕೇಳಿ.

ಚಳಿ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಬೇಕು. ನಾನು ಊದುಬತ್ತಿ ಹಚ್ಚಿಕೊಂಡೆ. ಗಾಳಿ ಜೋರಾಗಿದ್ದ ಸಂಜೆ, ಹೀಟರ್ ಆರಿಸಿ, ಚೌಕಟ್ಟಿನ ಸುತ್ತ ನಿಧಾನಕ್ಕೆ ಹಿಡಿದುಕೊಂಡು ಹೋದೆ. ಪಕ್ಕಗಳಲ್ಲಿ ಹೊಗೆ ಸ್ವಲ್ಪ ಅಲುಗಾಡಿತು ಅಷ್ಟೆ. ಆದರೆ ಮೇಲಿನ ಚೌಕಟ್ಟು ಕೆಳಗಿನದನ್ನು ಸೇರುವ ನಡುವಿನ ಪಟ್ಟಿಗೆ ಬಂದಾಗ ಹೊಗೆ ನೆಟ್ಟಗೆ ನನ್ನ ಮುಖಕ್ಕೇ ಬಂತು. ಒಂದು ಪೌಂಡ್ ನಾಣ್ಯ ತೂರುವಷ್ಟು ಸಂದು. ಚಿಲಕ ತಿರುಗುತ್ತಿತ್ತು, ಆದರೆ ಎರಡನ್ನೂ ಹತ್ತಿರಕ್ಕೆ ಎಳೆಯುತ್ತಿರಲಿಲ್ಲ. ಹೊಸ ಚಿಲಕ ಹಾಕಿದ್ದಕ್ಕೇ ಅರ್ಧ ಗಾಳಿ ನಿಂತಿತು.

ಗಾಳಿ ನಿಂತರೂ ಚಳಿ ಪೂರ್ತಿ ಹೋಗುವುದಿಲ್ಲ. ಕೋಣೆಯ ಬೆಚ್ಚನೆ ಗಾಳಿ ತಣ್ಣನೆ ಗಾಜಿಗೆ ತಾಗಿ ತಣ್ಣಗಾಗಿ, ಭಾರವಾಗಿ, ಗಾಜಿನ ಗುಂಟ ಕೆಳಗಿಳಿದು ನೆಲದ ಮೇಲೆ ಹರಿಯುತ್ತದೆ. ಕಾಲಿಗೆ ತಾಗುವ ಗಾಳಿ ಇದು. ಸಂದೇ ಇಲ್ಲದಿದ್ದರೂ ಇರುತ್ತದೆ. ಜೊತೆಗೆ ನಮ್ಮ ಮೈಯ ಬಿಸಿಯೂ ಆ ತಣ್ಣನೆ ಗಾಜಿನ ಕಡೆ ಸೋರುತ್ತಿರುತ್ತದೆ. ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿದ್ದರೂ ಕಿಟಕಿ ಪಕ್ಕ ಕೂತವರಿಗೆ ಚಳಿ ಆಗುವುದು ಅದಕ್ಕೇ. ಅಮ್ಮ ಹೇಳಿದ್ದು ಸುಮ್ನೆ ಅಲ್ಲ.

ಇದಕ್ಕೆ ಮದ್ದು ಸೆಕೆಂಡರಿ ಗ್ಲೇಜಿಂಗ್. ಹಳೆ ಕಿಟಕಿ ಹಾಗೇ ಇರಲಿ, ಕೋಣೆಯ ಒಳಗಡೆಯಿಂದ ಇನ್ನೊಂದು ತೆಳು ಗಾಜಿನದೋ ಅಕ್ರಿಲಿಕ್‌ನದೋ ಫಲಕ ಕೂರಿಸುವುದು. ಮಧ್ಯೆ ಸಿಕ್ಕಿಕೊಂಡ ಗಾಳಿಯೇ ಕಂಬಳಿ. ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯದವರು ಹಳೆ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಸ್ಕಾಟ್ಲೆಂಡ್‌ಗಾಗಿ 2008ರಲ್ಲಿ ಇಂಥದ್ದೇ ಸ್ಯಾಶ್ ಕಿಟಕಿ ಇಟ್ಟುಕೊಂಡು ಅಳೆದಿದ್ದಾರೆ. ಗಾಜಿನಿಂದ ಸೋರುವ ಶಾಖವನ್ನು ದಪ್ಪ ಪರದೆ 14 ಶೇಕಡಾ ಕಡಿಮೆ ಮಾಡಿತು. ಕಿಟಕಿಗೆ ಒಳಗಡೆಯಿಂದ ಮುಚ್ಚುವ ಮರದ ಹಲಗೆ, ಅಂದರೆ ಶಟರ್, 51. ಸೆಕೆಂಡರಿ ಗ್ಲೇಜಿಂಗ್ 63. ಶಟರ್ ಜೊತೆ ಸೇರಿದರೆ 75. ಹಳೆ ಕಿಟಕಿ ಉಳಿಸಿಕೊಂಡೇ ಇಷ್ಟು ಸಿಗುತ್ತದೆ ಅಂದಮೇಲೆ ಕೀಳುವ ಮಾತು ಯಾಕೆ?

ನಾನು ಹಾಕಿದ್ದು ಅಕ್ರಿಲಿಕ್ ಹಾಳೆ, ಸುತ್ತ ಮ್ಯಾಗ್ನೆಟ್ ಪಟ್ಟಿ. ಗಾಜಿನ ಅರ್ಧದಷ್ಟೂ ಭಾರ ಇಲ್ಲ, ಒಬ್ಬರೇ ಎತ್ತಿ ಕೂರಿಸಬಹುದು. ಗೀರು ಬೇಗ ಬೀಳುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಲೇಬೇಡಿ. ಒಟ್ಟು ಖರ್ಚು ಆ ಕಂಪನಿಯವರು ಕೊಟ್ಟ ಕೊಟೇಶನ್ನಿನ ಹತ್ತನೇ ಒಂದು ಪಾಲೂ ಆಗಲಿಲ್ಲ. ಬಾಡಿಗೆ ಮನೆಯಾದರೆ ಅದೂ ಬೇಡ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬಿಗಿಯುವ ತೆಳು ಫಿಲ್ಮ್ ಸಿಗುತ್ತದೆ. ಒಂದು ಚಳಿಗಾಲಕ್ಕೆ ಸಾಕು. ರಸ್ತೆ ಸದ್ದೂ ಕಡಿಮೆಯಾಗಬೇಕು ಅಂದರೆ ಮಾತ್ರ ನಿಜವಾದ ಗಾಜು ಹಾಕಿಸಿ. ಎರಡರ ಮಧ್ಯೆ ಹತ್ತು ಸೆಂಟಿಮೀಟರಾದರೂ ಜಾಗ ಬಿಡಬೇಕು. ಬೆಚ್ಚಗಾಗುವುದಕ್ಕೆ ಎರಡು ಸೆಂಟಿಮೀಟರ್ ಸಾಕು.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಮಲಗುವ ಕೋಣೆಯಲ್ಲಿ ಬಣ್ಣ ಏಳುತ್ತಿದ್ದ ಮರದ ಮೇಲೇ ಅವಸರದಲ್ಲಿ ಪಟ್ಟಿ ಅಂಟಿಸಿದೆ. ಎಡಗಡೆ ಕೆಳಮೂಲೆ ಸರಿಯಾಗಿ ಕೂರಲಿಲ್ಲ. ಒಂದು ವಾರಕ್ಕೆ ಎರಡು ಗಾಜಿನ ನಡುವೆ ನೀರ ಹನಿ, ಎರಡನೇ ವಾರಕ್ಕೆ ಮರದ ಅಂಚಿನಲ್ಲಿ ಕಪ್ಪು ಬೂಷ್ಟಿನ ಚುಕ್ಕೆ. ಕೋಣೆಯ ತೇವದ ಗಾಳಿ ಆ ಮೂಲೆಯಿಂದ ಒಳಗೆ ಹೋಗಿ ಹೊರಗಿನ ತಣ್ಣನೆ ಗಾಜಿಗೆ ತಾಗಿ ನೀರಾಗುತ್ತಿತ್ತು. ಒಳಗಿನ ಫಲಕ ಬಿಗಿಯಾಗಿರಬೇಕು, ಹೊರಗಿನ ಹಳೆ ಕಿಟಕಿ ಸ್ವಲ್ಪ ಉಸಿರಾಡುತ್ತಿರಬೇಕು. ನಾನು ಅದನ್ನೇ ಉಲ್ಟಾ ಮಾಡಿದ್ದೆ. ಹೊರಗಿನ ಕಿಟಕಿಯ ಎಲ್ಲ ಸಂದಿಗೂ ಗಾಳಿ ತಡೆಯುವ ಪಟ್ಟಿ ಬಡಿದಿದ್ದೆ. ಎಲ್ಲ ಬಿಚ್ಚಿ, ಬಣ್ಣ ತೆಗೆದು, ಹೊಸ ಬಣ್ಣ ಒಣಗಿಸಿ ಮತ್ತೆ ಅಂಟಿಸಿದೆ. ಆಮೇಲೆ ಹನಿ ಕಾಣಲಿಲ್ಲ. (ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒದ್ದೆ ಮಾಡದೆ ಕೆರೆಯಬೇಡಿ, ಮಕ್ಕಳಿದ್ದರೆ ಇನ್ನೂ ಹುಷಾರು.)

ನಮ್ಮ ಅಡುಗೆಯಲ್ಲಿ ಹಬೆ ಜಾಸ್ತಿ ಅಲ್ವಾ? ಕುಕ್ಕರ್ ಕೂಗುತ್ತೆ, ಸಾರು ಕುದಿಯುತ್ತೆ, ಬಟ್ಟೆಯೂ ಒಳಗೇ ಒಣಗಬೇಕು. ಹಾಗಾಗಿ ಅಡುಗೆಮನೆ ಕಿಟಕಿಗೆ ನಾನು ಫಲಕ ಹಾಕಿಲ್ಲ. ಅಲ್ಲಿ ಗಾಳಿ ಆಡಲೇಬೇಕು. ಗ್ಯಾಸ್ ಇರುವ ಕಡೆ ಗಾಳಿಕಿಂಡಿ ಇದ್ದರೆ ಅದನ್ನು ಮುಚ್ಚಬೇಡಿ. ಮತ್ತೆ ಪ್ರತಿ ಮಲಗುವ ಕೋಣೆಯಲ್ಲೂ ಫಲಕವನ್ನು ಕೈಯಲ್ಲೇ ಕೀಳುವ ಹಾಗಿರಲಿ, ಬೆಂಕಿ ಬಿದ್ದರೆ ಅದೂ ಹೊರಗೆ ಹೋಗುವ ದಾರಿ.

ಇನ್ನು ಶಟರ್. ಎಡಿನ್‌ಬರೋದ ಹಳೆ ಮನೆಯವರು ಕಿಟಕಿಯ ಎರಡೂ ಪಕ್ಕದ ಮರದ ಹಲಗೆಯನ್ನು ಒಮ್ಮೆ ಬೆರಳಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಮಡಚಿಟ್ಟ ಶಟರ್ ಇರಬಹುದು. ನಮ್ಮಲ್ಲಿ ಬಣ್ಣದ ಮೇಲೆ ಬಣ್ಣ ಬಳಿದು ಮುಚ್ಚಿಹೋಗಿತ್ತು. ಅಂಚಿನ ಗುಂಟ ಬಣ್ಣವನ್ನು ಚಾಕುವಿನಿಂದ ಬಿಡಿಸಿ ಎಳೆದಾಗ ಮೂರು ಮಡಿಕೆಯ ಪೈನ್ ಹಲಗೆ, ಹಿತ್ತಾಳೆಯ ಗುಬಟು, ಕಬ್ಬಿಣದ ಅಡ್ಡಪಟ್ಟಿ, ಎಲ್ಲ ಇದ್ದ ಹಾಗೇ ಹೊರಬಂತು. ಕತ್ತಲಾದ ಕೂಡಲೇ ಅದನ್ನು ಹಾಕಿಬಿಡುತ್ತೇವೆ. ಇದಕ್ಕೆ ಖರ್ಚಾದದ್ದು ಒಂದು ಶನಿವಾರ.

ಅಳತೆ ತಗೊಳ್ಳುವಾಗ ಅಗಲವನ್ನು ಮೂರು ಕಡೆ ಅಳೆಯಿರಿ, ಎತ್ತರವನ್ನೂ ಮೂರು ಕಡೆ. ಹಳೆ ಕಿಟಕಿ ಯಾವುದೂ ನೆಟ್ಟಗಿರುವುದಿಲ್ಲ. ಏಪ್ರಿಲ್‌ನಲ್ಲಿ ಫಲಕ ತೆಗೆದಿಡುವಾಗ ಯಾವ ಕೋಣೆ, ಯಾವ ಕಿಟಕಿ, ಯಾವ ಕಡೆ ಮೇಲೆ ಅಂತ ಮೂಲೆಯಲ್ಲಿ ಬರೆದಿಡಿ. ಮಾರ್ಚ್‌ಮಾಂಟ್ ಸುತ್ತಮುತ್ತ ಇರುವವರು ಯಾರಾದರೂ ಇದ್ದರೆ ಕಾಮೆಂಟಲ್ಲಿ ಹೇಳಿ, ಗಾಳಿ ಇರುವ ಸಂಜೆ ನಾನೇ ಊದುಬತ್ತಿ ಹಿಡಿದುಕೊಂಡು ಬರುತ್ತೇನೆ.